ವಾಚಾಳಿ ಟ್ಯಾಂಕಿನ ಪರವಾಗಿ

ಹೋದ ತಿಂಗಳು ಅಣ್ಣನ ಮಗ ಮನೆಗೆ ಬಂದಿದ್ದ. ಏಳು ವರ್ಷ ಅವನಿಗೆ. ನಾನು ಲ್ಯಾಪ್‌ಟಾಪಿನಲ್ಲಿ ಹಳೇ ಜಪಾನಿ ಅನಿಮೆ ಒಂದನ್ನು ಎಷ್ಟನೆಯದೋ ಸಲ ನೋಡ್ತಾ ಕೂತಿದ್ದೆ. ಹಿಂದಿನಿಂದ ಬಂದವನು ನನ್ನ ಹೆಗಲ ಮೇಲೆ ಗಲ್ಲ ಊರಿಕೊಂಡು ತಾನೂ ನೋಡತೊಡಗಿದ. ತೆರೆಯ ಮೇಲೆ ನೀಲಿ ಬಣ್ಣದ ನಾಲ್ಕು ಕಾಲಿನ ಯಂತ್ರವೊಂದು ಪುಟ್ಟ ಹುಡುಗಿಯ ಜತೆ ಊರು ಸುತ್ತುತ್ತಿತ್ತು.

"ಚಿಕ್ಕಪ್ಪಾ, ಅದು ರೋಬೋಟಾ?"

"ಅಲ್ವೋ, ಟ್ಯಾಂಕು."

"ನೀರಿನ ಟ್ಯಾಂಕಾ?"

"ಯುದ್ಧದ ಟ್ಯಾಂಕು ಕಣೋ. ಕೈಲಿ ಗನ್ನಿದೆ ನೋಡು."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಹಂಗಾದ್ರೆ ಆ ಹುಡುಗಿಗೆ ಯಾಕೆ ಹೆದರಿಕೆ ಇಲ್ಲ?"

ನೀರಿನ ಟ್ಯಾಂಕಿನ ಪ್ರಶ್ನೆಗೆ ನಗು ಬಂತು ನಿಜ, ಆದರೆ ಹುಡುಗ ಹೇಳಿದ್ದು ಅಷ್ಟೇನೂ ತಪ್ಪಲ್ಲ. ಮೊದಲನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಈ ಯಂತ್ರವನ್ನು ಗುಟ್ಟಾಗಿ ಮಾಡ್ತಾ ಇದ್ದಾಗ, ಹೊರಗಿನವರಿಗೆ ಸುಳಿವು ಸಿಗಬಾರದು ಅಂತ ನೀರಿನ ತೊಟ್ಟಿ ಅನ್ನೋ ಅರ್ಥದ ಹೆಸರನ್ನೇ ಇಟ್ಟಿದ್ದು. 1916ರಲ್ಲಿ ಸೊಮ್ ಕದನಕ್ಕೆ ಅದು ಇಳಿದ ಮೇಲೂ ಹೆಸರು ಹಾಗೇ ಅಂಟಿಕೊಂಡಿತು. ಎರಡನೇ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಅದೇ ತಲೇಲಿ ಕೂತಿದೆ, ಇಲ್ಲಿ ಬರೆದಾದರೂ ಇಳಿಸಿಕೊಳ್ಳೋಣ ಅಂತ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಆ ಯಂತ್ರದ ಹೆಸರು ತಾಚಿಕೋಮಾ. ಮಸಮುನೆ ಶಿರೋ ಅನ್ನೋ ಜಪಾನಿ ಚಿತ್ರಕಥೆಗಾರ 1989ರಲ್ಲಿ ಶುರುಮಾಡಿದ 'ಘೋಸ್ಟ್ ಇನ್ ದ ಶೆಲ್' ಮಂಗಾದಲ್ಲಿ ಇದರ ಅಣ್ಣ ಫುಚಿಕೋಮಾ ಬರುತ್ತೆ. ಎಲ್ಲರೂ ಹೊಗಳುವ, ಮಮೊರು ಓಶೀ ನಿರ್ದೇಶನದ 1995ರ ಸಿನಿಮಾದಲ್ಲಿ ಈ ಜಾತಿಯ ಯಂತ್ರ ಇಲ್ಲವೇ ಇಲ್ಲ. (ಅದರಲ್ಲಿ ದೊಡ್ಡದೊಂದು ಜೇಡದಂಥ ಟ್ಯಾಂಕು ಇದೆ, ಬಾಯಿ ಇಲ್ಲದ್ದು, ಸುಮ್ಮನೆ ಗುಂಡು ಹಾರಿಸುತ್ತೆ.) ಆಮೇಲೆ 2002ರಲ್ಲಿ ಕೆಂಜಿ ಕಾಮಿಯಾಮಾ 'ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್' ಅನ್ನೋ ಟೀವಿ ಸರಣಿ ಮಾಡಿದಾಗ ತಾಚಿಕೋಮಾ ಬಂತು. ಕತೆ ನಡೆಯೋದು 2030ರ ಜಪಾನಿನಲ್ಲಿ. 'ಸೆಕ್ಷನ್ 9' ಅನ್ನೋ ಪೊಲೀಸ್ ದಳದ ಹತ್ತಿರ ಇಂಥವು ಒಂಬತ್ತಿವೆ. ಚಿಕ್ಕ ಕಾರಿನಷ್ಟು ಗಾತ್ರ. ಕಾಲಿನ ತುದಿಗೆ ಚಕ್ರ, ಅಂದರೆ ರಸ್ತೆಯಲ್ಲಿ ಉರುಳುತ್ತೆ, ಬೇಕಾದರೆ ಗೋಡೆಯನ್ನೂ ಹತ್ತುತ್ತೆ. ಜೇಡನ ಹಾಗೆ ಹಗ್ಗ ಎಸೆದು ಜೋತಾಡುತ್ತೆ. ಬೆನ್ನ ಹಿಂದಿನ ಗೂಡಿನಲ್ಲಿ ಒಬ್ಬ ಕೂರಬಹುದು. ಕಣ್ಣಿಗೆ ಕಾಣದ ಹಾಗೆ ಮರೆಯಾಗೋ ವಿದ್ಯೆ ಗೊತ್ತು. ಮತ್ತೆ... ಮಾತಾಡುತ್ತೆ. ಮಾತಾಡ್ತಾನೇ ಇರುತ್ತೆ! ಎಳೇ ಮಕ್ಕಳ ಕೀಚಲು ದನಿಯಲ್ಲಿ, ಯುದ್ಧದ ನಡುವೆಯೂ, ದೇವರ ಬಗ್ಗೆ, ಸಾವಿನ ಬಗ್ಗೆ, ಎಣ್ಣೆಯ ಬಗ್ಗೆ.

ಜಪಾನಿ ಭಾಷೆಯಲ್ಲಿ ಇದನ್ನು ಕರೆಯೋದೇ 'ಯೋಚಿಸುವ ಟ್ಯಾಂಕು' ಅಂತ. ಇಂಗ್ಲಿಷಿಗೆ ಹಾಕಿದರೆ ಥಿಂಕ್ ಟ್ಯಾಂಕ್! ದಿಲ್ಲಿಯ ಎಸಿ ರೂಮುಗಳಲ್ಲಿ ಕೂತು ವರದಿ ಬರೆಯೋವು ನೆನಪಾದರೆ ನನ್ನ ತಪ್ಪಲ್ಲ :-)

ಹಗುರ ಟ್ಯಾಂಕುಗಳ ಕೆಲಸ ಏನು ಅನ್ನೋದನ್ನ ಮೊದಲು ನೋಡಬೇಕು, ಇಲ್ಲದಿದ್ದರೆ ನಾನು ಮುಂದೆ ಹೇಳೋದು ನಿಲ್ಲೋದಿಲ್ಲ. ದೊಡ್ಡ ಟ್ಯಾಂಕು ಹೊಡೆದಾಡೋಕೆ. ಹಗುರದ್ದು ಮುಖ್ಯವಾಗಿ ಮುಂದೆ ಹೋಗಿ ನೋಡ್ಕೊಂಡು ಬರೋಕೆ. ಬ್ರಿಟಿಷರ 'ಸ್ಕಾರ್ಪಿಯನ್' ಅಂತ ಒಂದಿತ್ತು, 1970ರ ದಶಕದ್ದು. ಸುಮಾರು ಎಂಟು ಟನ್ನು, ಅಲ್ಯುಮಿನಿಯಂ ಕವಚ, ಜಾಗ್ವಾರ್ ಕಾರಿನ ಎಂಜಿನ್ನು. ಅದೇ ಕಾಲದ ಅವರ ದೊಡ್ಡ ಟ್ಯಾಂಕು ಚೀಫ್ಟನ್ ಐವತ್ತು ಟನ್ನಿಗೂ ಮೇಲೆ. 1982ರ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಕಾಲಿಟ್ಟರೆ ಹೂತುಹೋಗೋ ಜೌಗಿನಲ್ಲಿ ಈ ಹಗುರದವು ಓಡಾಡಿದವು. ಆದರೆ ಅಂಥ ತೆಳು ಕವಚ ಹಾಕಿಕೊಂಡು ದೊಡ್ಡದರ ಎದುರು ನಿಂತರೆ ಮುಗೀತು. ಅದಕ್ಕೇ ಹಗುರ ಟ್ಯಾಂಕಿನ ಒಳಗಿರುವವರಿಗೆ ಬೇಕಾದ್ದು ಬೇರೆ ಥರದ ತಲೆ. ಆ ಗುಡ್ಡದ ಹಿಂದೆ ಏನಿದೆ, ಆ ಮನೆಯ ಕಿಟಕಿ ಯಾಕೆ ತೆರೆದಿದೆ, ಹಸುಗಳು ಯಾಕೆ ಆ ಕಡೆ ಹೋಗ್ತಿಲ್ಲ ಅಂತೆಲ್ಲ ಕೇಳಿಕೊಳ್ಳೋ ತಲೆ.

ನಮ್ಮಲ್ಲಿ ಹಗುರ ಟ್ಯಾಂಕು ಅಂದರೆ ಜೊಜಿ ಲಾ ನೆನಪಾಗಬೇಕು. ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ತಿಮ್ಮಯ್ಯನವರು 1948ರ ನವೆಂಬರ್ 1ರಂದು, ಟ್ಯಾಂಕು ಹತ್ತೋದೇ ಇಲ್ಲ ಅಂತ ಎದುರಾಳಿ ನಂಬಿದ್ದ ಆ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದರು. ಮೇಲಿನ ತಿರುಗೋಪುರ ಬಿಚ್ಚಿ ಗುಟ್ಟಾಗಿ ಸಾಗಿಸಿ, ಮತ್ತೆ ಜೋಡಿಸಿ. ಮುಂದಿನ ಟ್ಯಾಂಕಿನಲ್ಲಿ ಜನರಲ್ ತಾವೇ ಕೂತಿದ್ದರು. ಅಲ್ಲಿ ಅವು ಮಾಡಿದ್ದು ದಾಳಿಯ ಕೆಲಸ, ನೋಡಿ ಬರೋದಲ್ಲ, ಒಪ್ತೀನಿ. ಹೇಳದೇ ಇರೋಕೆ ಆಗಲಿಲ್ಲ ಅಷ್ಟೆ.

ಈಗ ತಾಚಿಕೋಮಾ. ಒಳಗೆ ಮನುಷ್ಯ ಇಲ್ಲದೇ ತಾನೇ ಹೋಗಿ ನೋಡಿ ಬರೋ ಯಂತ್ರ ಬೇಕಾದರೆ, ಮನುಷ್ಯನಲ್ಲಿದ್ದ ಆ ಕುತೂಹಲವನ್ನೂ ಯಂತ್ರದೊಳಗೆ ಹಾಕಬೇಕಲ್ಲ? ಹಾಕಿದ್ದಾರೆ. ತೊಂದರೆ ಶುರುವಾಗೋದು ಅಲ್ಲಿಂದಲೇ. ಗುಡ್ಡದ ಹಿಂದೆ ಏನಿದೆ ಅಂತ ಕೇಳೋಕೆ ಕಲಿತದ್ದು, ಸತ್ತ ಮೇಲೆ ಏನಿದೆ ಅಂತಲೂ ಕೇಳುತ್ತೆ. ಇಷ್ಟು ಕೇಳು, ಇದಕ್ಕಿಂತ ಮುಂದೆ ಕೇಳಬೇಡ ಅಂತ ಕುತೂಹಲಕ್ಕೆ ಬೇಲಿ ಹಾಕೋದು ಹೇಗೆ? ಮಕ್ಕಳನ್ನು ಸಾಕಿದವರನ್ನು ಕೇಳಿ.

ಅಣ್ಣನ ಮಗ ನೋಡಿದ್ದು ಹನ್ನೆರಡನೇ ಕಂತು. ಒಂದು ತಾಚಿಕೋಮಾ ಯಾರಿಗೂ ಹೇಳದೆ ಊರೊಳಗೆ ಹೋಗಿಬಿಡುತ್ತೆ. ಅಲ್ಲಿ ಮಿಕಿ ಅನ್ನೋ ಹುಡುಗಿ ಸಿಗ್ತಾಳೆ, ಕಳೆದುಹೋದ ತನ್ನ ನಾಯಿಯನ್ನು ಹುಡುಕ್ತಾ ಇರ್ತಾಳೆ. ಟ್ಯಾಂಕೂ ಜತೆಗೆ ಹುಡುಕೋಕೆ ಹೊರಡುತ್ತೆ. ಕೊನೆಗೆ ಸಿಗೋದು ನಾಯಿಯ ಗೋರಿ. ಸಾವು ಅಂದರೇನು ಅಂತ ಪುಸ್ತಕದ ಮಟ್ಟಿಗೆ ಎಲ್ಲಾ ಗೊತ್ತಿದ್ದ ಯಂತ್ರ, ಒಬ್ಬ ಹುಡುಗಿಯ ಮುಖದಲ್ಲಿ ಅದನ್ನು ಮೊದಲ ಸಲ ನೋಡುತ್ತೆ. ಗುಂಡಿಲ್ಲ, ಬೆನ್ನಟ್ಟೋದಿಲ್ಲ. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಕಂತು ಇದು.

ಇದರ ಪಕ್ಕದಲ್ಲಿ ಎರಡನೇ ಕಂತನ್ನು ಇಟ್ಟು ನೋಡಿ. ಅಲ್ಲೂ ಒಂದು ಟ್ಯಾಂಕು ಊರೊಳಗೆ ನುಗ್ಗುತ್ತೆ. ದೊಡ್ಡದು, ಭಾರದ್ದು. ಅದರೊಳಗಿರೋದು ಅದನ್ನು ವಿನ್ಯಾಸ ಮಾಡಿದ ಕಾಗೋ ಅನ್ನೋ ಎಂಜಿನಿಯರನ ಮಿದುಳು. ಹುಟ್ಟಿದಾಗಿನಿಂದ ಕಾಯಿಲೆಯ ಮೈ ಅವನದು, ಯಂತ್ರದ ದೇಹ ಹಾಕಿಸೋಕೆ ಅಪ್ಪ ಅಮ್ಮ ಧರ್ಮದ ಕಾರಣಕ್ಕೆ ಒಪ್ಪಿರಲ್ಲ. ಸತ್ತ ಮೇಲೆ ಟ್ಯಾಂಕಾಗಿ ಅಪ್ಪ ಅಮ್ಮನ ಮನೆ ಬಾಗಿಲಿಗೆ ಹೊರಡ್ತಾನೆ. ದಾರಿಯಲ್ಲಿ ತಡೆಯೋಕೆ ಬಂದದ್ದನ್ನೆಲ್ಲ ಒಡೆದು ಹಾಕ್ತಾ. ಮನೆ ಮುಂದೆ ಮೇಜರ್ ಕುಸನಾಗಿ ಅವನ ಮಿದುಳನ್ನು ಸುಟ್ಟು ನಿಲ್ಲಿಸ್ತಾಳೆ. ಅವನು ಬಂದದ್ದು ಸೇಡಿಗೋ, ಈ ಉಕ್ಕಿನ ಮೈ ಹೇಗಿದೆ ನೋಡಮ್ಮಾ ಅಂತ ತೋರಿಸೋಕೋ? ಸುಡೋ ಕ್ಷಣದಲ್ಲಿ ಏನೋ ಒಂದು ಭಾವನೆ ಅವಳಿಗೆ ತಾಗುತ್ತೆ, ಅಷ್ಟೇ ಸಿಗೋದು ನಮಗೆ.

ಮನುಷ್ಯ ಒಳಗಿದ್ದ ಟ್ಯಾಂಕು ಊರನ್ನು ಒಡೆಯಿತು. ಮನುಷ್ಯ ಇಲ್ಲದ ಟ್ಯಾಂಕು ನಾಯಿ ಹುಡುಕಿತು. ಕಾಮಿಯಾಮಾ ಇದನ್ನು ಬೇಕೆಂದೇ ಮಾಡಿದ್ದು ಅಂತ ನನ್ನ ಅನುಮಾನ.

ಹದಿನೈದನೇ ಕಂತಿನಲ್ಲಿ ಒಂಬತ್ತೂ ಸೇರಿ ತಮ್ಮ ಬಗ್ಗೆಯೇ ಚರ್ಚೆ ಮಾಡ್ತವೆ. ಒಂದಂತೂ ಮೂಲೆಯಲ್ಲಿ ಕೂತು 'ಫ್ಲವರ್ಸ್ ಫಾರ್ ಆಲ್ಜರ್ನಾನ್' ಓದ್ತಾ ಇರುತ್ತೆ. (ಬುದ್ಧಿ ಬಂದು ಮತ್ತೆ ಹೋಗುವ ಮನುಷ್ಯನ ಕತೆ ಅದು. ಆಯ್ಕೆ ನೋಡಿ!) ದಿನದ ಅನುಭವವನ್ನೆಲ್ಲ ಒಂಬತ್ತೂ ಹಂಚಿಕೊಂಡು ಒಂದೇ ಸಮ ಮಾಡಿಕೊಳ್ಳೋದು ಅವುಗಳ ಕ್ರಮ. ಸೈನ್ಯದ ದೃಷ್ಟಿಯಲ್ಲಿ ಇದು ಕನಸು. ಒಂದು ಬೇಹು ಟ್ಯಾಂಕು ಕಂಡದ್ದು ಮಾರನೇ ದಿನ ಎಲ್ಲಕ್ಕೂ ಗೊತ್ತು. ಆದರೆ ಎಲ್ಲದರ ನೆನಪೂ ಒಂದೇ ಆದ ಮೇಲೆ 'ನಾನು' ಅನ್ನೋದು ಯಾವುದು? ಬಾತೋ ಅನ್ನೋ ದಾಂಡಿಗ ಅಧಿಕಾರಿಗೆ ಒಂದು ತಾಚಿಕೋಮಾ ಮೇಲೆ ಪ್ರೀತಿ, ಅದಕ್ಕೆ ಮಾತ್ರ ಒಳ್ಳೆ ನೈಸರ್ಗಿಕ ಎಣ್ಣೆ ತಂದು ಕೊಡ್ತಾನೆ. ನಮ್ಮಲ್ಲಿ ಎತ್ತಿಗೆ ಕದ್ದು ಬೆಲ್ಲ ತಿನ್ನಿಸ್ತಾರಲ್ಲ ಹಾಗೆ. ನೆನಪು ಹಂಚಿಕೊಂಡ ಮೇಲೆ ಆ ಎಣ್ಣೆಯ ರುಚಿ ಒಂಬತ್ತಕ್ಕೂ ಗೊತ್ತು. ಆದರೂ ಒಂದೊಂದೂ ನಿಧಾನಕ್ಕೆ ಬೇರೆ ಬೇರೆ ಆಗ್ತಾ ಹೋಗುತ್ತೆ. ಒಂದೇ ಮನೇಲಿ, ಒಂದೇ ಸಾರು ಅನ್ನ ತಿಂದು ಬೆಳೆದ ಮಕ್ಕಳ ಹಾಗೆ.

ಮೇಜರ್ ಇದನ್ನೆಲ್ಲ ನೋಡಿ ಅವುಗಳನ್ನು ಕೆಲಸದಿಂದ ತೆಗೆದು ಲ್ಯಾಬಿಗೆ ವಾಪಸ್ ಕಳಿಸ್ತಾಳೆ.

ಅಭಿಮಾನಿಗಳಿಗೆಲ್ಲ ಆಗ ಅವಳ ಮೇಲೆ ಸಿಟ್ಟು ಬಂದಿತ್ತು. ನನಗೂ. ಈಗ ಯೋಚಿಸಿದರೆ ಅವಳು ಮಾಡಿದ್ದು ಸರಿ ಅನ್ಸುತ್ತೆ. ಆಯುಧ ಹಿಡಿದು ಹಿಂದೆ ಬರೋನು, ಗುಂಡು ಹಾರಿಸೋ ಹೊತ್ತಿಗೆ ಏನು ಮಾಡ್ತಾನೆ ಅಂತ ಗೊತ್ತಿಲ್ಲದೇ ಇದ್ದರೆ, ತಂಡ ಕಟ್ಟಿಕೊಂಡು ಯಾವ ಧೈರ್ಯದ ಮೇಲೆ ಮುಂದೆ ಹೋಗಬೇಕು? ಅವಳಿಗೆ ತಾಚಿಕೋಮಾ ಮೇಲೆ ದ್ವೇಷ ಇರಲಿಲ್ಲ. ಅದು ಉಪಕರಣವಾಗಿ ಉಳಿದಿಲ್ಲ, ಹಾಗಾಗಿ ಉಪಕರಣದ ಕೆಲಸಕ್ಕೆ ಬೇಡ ಅಂದಳು. ಒಂದು ರೀತಿಯಲ್ಲಿ ಅವುಗಳಿಗೆ ಸಿಕ್ಕ ಮೊದಲ ಮರ್ಯಾದೆ ಅದು. ಬಾತೋ ಮುದ್ದು ಮಾಡಿದ, ಒಪ್ಪೋಣ, ಆದರೆ ಮುದ್ದು ನಾಯಿಮರಿಗೂ ಸಿಗುತ್ತೆ.

ನನ್ನ ತಕರಾರು ಇರೋದು ಆಮೇಲಿನದರ ಬಗ್ಗೆ. ಇಪ್ಪತ್ತೈದನೇ ಕಂತಿನಲ್ಲಿ ಬಾತೋ ಸಾಯೋ ಸ್ಥಿತಿಯಲ್ಲಿ ಇದ್ದಾಗ, ಅಲ್ಲಿ ಇಲ್ಲಿ ಸಾಧಾರಣ ಕೆಲಸಕ್ಕೆ ಹಾಕಿಸಿಕೊಂಡು ಉಳಿದಿದ್ದ ಮೂರು ತಾಚಿಕೋಮಾಗಳು ಓಡಿ ಬರ್ತವೆ. ಅವನನ್ನು ಉಳಿಸಿ ತಾವು ಪುಡಿಯಾಗ್ತವೆ. ಎಲ್ಲರೂ ಅಳ್ತಾರೆ, ನಾನೂ ಅತ್ತಿದ್ದೀನಿ, ಮುಚ್ಚಿಡೋದೇನು. ಅಳು ನಿಂತ ಮೇಲೆ ಎಲ್ಲರೂ ಹೇಳೋ ಮಾತು, ನೋಡಿ, ತ್ಯಾಗ ಮಾಡಿದವು, ಅಂದರೆ ಅವಕ್ಕೂ ಆತ್ಮ ಇತ್ತು, ಮೇಜರ್ ತಪ್ಪು.

ಇಲ್ಲೇ ನನಗೆ ಕಸಿವಿಸಿ. ಒಡೆಯನಿಗಾಗಿ ಸಾಯೋದು ಆತ್ಮ ಇದ್ದುದಕ್ಕೆ ಸಾಕ್ಷಿ ಹೇಗಾಗುತ್ತೆ? ಗುರಿಗೆ ಹೊಡೆದು ತಾನೂ ನಾಶವಾಗೋ ಕ್ಷಿಪಣಿಯೂ ಅದನ್ನೇ ಮಾಡುತ್ತೆ. ಒಂದು ಸೈನ್ಯ ತನ್ನ ಯಂತ್ರದಿಂದ ಬಯಸೋದೇ ಅದನ್ನ. ನಾವು ಬಹಳ ಹಿಂದಿನಿಂದ ಹೀಗೇ. ಸ್ವಾಮಿನಿಷ್ಠೆಯಿಂದ ಸತ್ತವನಿಗೆ ವೀರಗಲ್ಲು ನೆಡ್ತೀವಿ, ಇದು ಯಾಕೆ ಸ್ವಾಮೀ ಅಂತ ಕೇಳಿದವನಿಗೆ ಕಲ್ಲಿಲ್ಲ. ವೀರಗಲ್ಲು ನಮ್ಮ ಊರೂರಲ್ಲಿ ಇದೆ, ನಾನೂ ಕೈ ಮುಗೀತೀನಿ. ಆದರೂ ತಾಚಿಕೋಮಾ 'ಮನುಷ್ಯ' ಆದದ್ದು ಸತ್ತಾಗ ಅಂತ ಹೇಳಿದರೆ, ಮಿಕಿಯ ಜತೆ ನಾಯಿ ಹುಡುಕಿಕೊಂಡು ಹೋದಾಗ ಅದು ಏನಾಗಿತ್ತು? ಆವತ್ತು ಅದಕ್ಕೆ ಒಡೆಯ ಇರಲಿಲ್ಲ, ಆಜ್ಞೆ ಇರಲಿಲ್ಲ, ಲಾಭವೂ ಇರಲಿಲ್ಲ. ಸಾಕ್ಷಿ ಬೇಕಾದರೆ ನಾನು ಆ ಮಧ್ಯಾಹ್ನವನ್ನು ಹಿಡಿದುಕೊಳ್ತೀನಿ. ಮೂರು ತಾಚಿಕೋಮಾಗಳನ್ನು ಯಾರೂ ಕರೆದಿರಲಿಲ್ಲ, ತಾವಾಗಿಯೇ ಬಂದವು ಅನ್ನೋದೂ ನಿಜವೇ. ಅದನ್ನು ತೆಗೆದು ಹಾಕೋದಿಲ್ಲ. ಆದರೂ ಬಂದದ್ದು ಎಣ್ಣೆ ಕೊಟ್ಟವನಿಗಾಗಿ.

2004ರಲ್ಲಿ ಶುರುವಾದ ಎರಡನೇ ಸರಣಿಗೆ ಅವು ಮತ್ತೆ ಬರ್ತವೆ. ಈ ಸಲ ಅವುಗಳ ಬುದ್ಧಿ ಇರೋದು ಆಕಾಶದಲ್ಲಿ ಸುತ್ತೋ ಉಪಗ್ರಹವೊಂದರಲ್ಲಿ. ಕೊನೆಯ ಕಂತಿನಲ್ಲಿ ದೇಜಿಮಾ ಅನ್ನೋ ದ್ವೀಪದಲ್ಲಿ ಸಿಕ್ಕಿಬಿದ್ದ ನಿರಾಶ್ರಿತರ ಮೇಲೆ ಅಣುಕ್ಷಿಪಣಿ ಬರುತ್ತೆ. ಮೇಜರ್ ಅವಕ್ಕೆ ಬೇರೆ ಕೆಲಸ ಹೇಳಿರ್ತಾಳೆ. ಅವು ಅದನ್ನು ಬಿಟ್ಟು, ತಾವಿರೋ ಉಪಗ್ರಹವನ್ನೇ ಕೆಳಗಿಳಿಸಿ ಕ್ಷಿಪಣಿಗೆ ಅಡ್ಡ ಹಾಕ್ತವೆ. ಹಾಡು ಹೇಳ್ತಾ. ಜಪಾನಿನ ಮಕ್ಕಳಿಗೆಲ್ಲ ಬಾಯಿಪಾಠ ಇರೋ ಹಾಡು, ಬರೆದವನು ಆನ್‌ಪಾನ್‌ಮಾನ್ ಸೃಷ್ಟಿಸಿದ ತಕಾಶಿ ಯಾನಸೆ. ಜೀವ ಇರುವ ಎಲ್ಲವನ್ನೂ ಗೆಳೆಯ ಅಂತ ಕರೆಯೋ ಹಾಡನ್ನು, ಜೀವ ಇದೆಯೋ ಇಲ್ಲವೋ ಅಂತ ಯಾರಿಗೂ ಗೊತ್ತಿಲ್ಲದ ಯಂತ್ರಗಳು ಹಾಡ್ತವೆ. ಈ ಸಲ ಉಳಿದವರು ಅವಕ್ಕೆ ಏನೂ ಆಗಬೇಕಾದವರಲ್ಲ, ಎಣ್ಣೆ ಕೊಟ್ಟವರಲ್ಲ, ಮುಖ ಕೂಡ ಕಂಡವರಲ್ಲ. ಹೇಳಿದ ಮಾತು ಮೀರಿ ಮಾಡಿದ ಕೆಲಸ ಬೇರೆ. ಮೊದಲನೇ ತ್ಯಾಗದ ಪಕ್ಕ ಇದನ್ನು ಇಟ್ಟರೆ ನನಗೆ ಎರಡೂ ಒಂದೇ ಥರ ಕಾಣೋದಿಲ್ಲ.

ಇದು ಕಾರ್ಟೂನು, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ನನ್ನ ಗೆಳೆಯನೊಬ್ಬ ಯಾವಾಗಲೂ ಹೇಳ್ತಾನೆ. ಅವನಿಗೆ ಹೇಳೋದು ಇಷ್ಟೆ. ತಾನೇ ಗುರಿ ಹುಡುಕಿ ತಾನೇ ಕೊಲ್ಲೋ ಆಯುಧಗಳ ಬಗ್ಗೆ ಜಿನೀವಾದಲ್ಲಿ ವಿಶ್ವಸಂಸ್ಥೆಯ ಚರ್ಚೆ 2014ರಿಂದ ಎಳೀತಾ ಬಂದಿದೆ. 2023ರ ಡಿಸೆಂಬರಿನಲ್ಲಿ ಮಹಾಸಭೆಯಲ್ಲಿ ಇದರ ಬಗ್ಗೆ ಒಂದು ನಿರ್ಣಯ ಮತಕ್ಕೆ ಬಂತು. ಪರವಾಗಿ 152 ದೇಶ, ವಿರುದ್ಧ 4. ಆ ನಾಲ್ಕರಲ್ಲಿ ಭಾರತವೂ ಒಂದು. ಚರ್ಚೆ ಜಿನೀವಾದ ಒಪ್ಪಂದದ ಚೌಕಟ್ಟಿನಲ್ಲೇ ನಡೀಬೇಕು, ಇನ್ನೊಂದು ವೇದಿಕೆ ಬೇಡ ಅನ್ನೋದು ನಮ್ಮವರ ವಾದ. ವಾದದಲ್ಲಿ ಹುರುಳಿರಬಹುದು. ಆದರೆ ನಮ್ಮ ಪೇಪರು, ಟೀವಿಗಳಲ್ಲಿ ಇದು ಸುದ್ದಿಯಾದ ನೆನಪು ನಿಮಗೆ ಇದೆಯಾ? ನನಗಿಲ್ಲ.

ಈ ಮಾತು ಬಂದಾಗಲೆಲ್ಲ ಜನ ಹೆದರೋದು ಯೋಚಿಸೋ ಯಂತ್ರಕ್ಕೆ. ಅದು ನಮ್ಮ ಮೇಲೆ ತಿರುಗಿ ಬೀಳುತ್ತೆ ಅಂತ. ಈಗ ಯುದ್ಧಭೂಮಿಯಲ್ಲಿ ಹಾರಾಡ್ತಾ ಕಾದಿದ್ದು ಎರಗೋ ಡ್ರೋನುಗಳಿಗೆ ಗುಡ್ಡದ ಹಿಂದೆ ಏನಿದೆ ಅನ್ನೋದು ಮಾತ್ರ ಬೇಕು. ಅಲ್ಲಿರೋದು ಯಾರು, ಯಾಕೆ ಓಡ್ತಿದ್ದಾರೆ, ಕೈಯಲ್ಲಿರೋದು ಬಂದೂಕೋ ಮಗುವೋ ಅಂತ ಕೇಳೋಕೆ ಅವನ್ನು ಮಾಡೇ ಇಲ್ಲ. ಬೇಹು ಯಂತ್ರದಿಂದ ಕುತೂಹಲದ ಅರ್ಧ ಭಾಗ ಕತ್ತರಿಸಿ ಉಳಿದರ್ಧ ಇಟ್ಟುಕೊಂಡಿದ್ದೀವಿ. ತಾಚಿಕೋಮಾ ಗೋಡೆಯ ಮೇಲಿಂದ ಇಣುಕಿದರೆ ನನಗೆ ಅಷ್ಟು ಭಯ ಆಗೋದಿಲ್ಲ, ಕನಿಷ್ಠ ಮಾತಿಗಾದರೂ ಸಿಗುತ್ತೆ.

ಹಾಗಂತ ಆ ಕೀಚಲು ದನಿಗೆ ಪೂರ್ತಿ ಮರುಳಾಗೋಕೂ ಮನಸ್ಸಿಲ್ಲ. ಮೆಷಿನ್ ಗನ್ನಿಗೆ ಮಗುವಿನ ಗಂಟಲು ಕೊಟ್ಟರೆ ನಾವು ಗನ್ನನ್ನೇ ಮರೀತೀವಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೂಲಿ ಕಾರ್ಪೆಂಟರ್ ಅನ್ನೋ ಸಂಶೋಧಕಿ ಬಾಂಬು ತೆಗೆಯೋ ರೋಬೋಟುಗಳ ಜತೆ ಕೆಲಸ ಮಾಡಿದ ಸೈನಿಕರನ್ನು ಮಾತಾಡಿಸಿ 2013ರಲ್ಲಿ ಬರೆದಿದ್ದರು. ಆ ರೋಬೋಟುಗಳಿಗೆ ಬಾಯಿಲ್ಲ, ಮುಖವಿಲ್ಲ, ಆದರೂ ಸೈನಿಕರು ಅವಕ್ಕೆ ಹೆಸರಿಡ್ತಿದ್ದರು, ಹಾಳಾದರೆ ಬೇಜಾರು ಮಾಡ್ಕೊಳ್ತಿದ್ದರು. ಬಾಯಿಲ್ಲದ್ದಕ್ಕೇ ಹೀಗಾದರೆ ಹಾಡು ಹೇಳೋದಕ್ಕೆ? ನಾಳೆ ಯಾವುದಾದರೂ ಕಂಪನಿ ನಿಜವಾದ ಬೇಹು ಯಂತ್ರಕ್ಕೆ ತಾಚಿಕೋಮಾ ದನಿ ಹಾಕಿ ತಂದರೆ, ಅದರ ಒಳಗೆ ಪ್ರಶ್ನೆ ಒಂದೂ ಇಲ್ಲದೇ ಇದ್ದರೂ, ನಾವು ಚಪ್ಪಾಳೆ ಹೊಡೀತೀವಿ. ಅಣ್ಣನ ಮಗನ ಪ್ರಶ್ನೆಗೆ ಉತ್ತರದ ಒಂದು ಪಾಲು ಇದೇ ಇರಬೇಕು. ಹುಡುಗಿಗೆ ಹೆದರಿಕೆ ಆಗದೇ ಇದ್ದದ್ದು ದನಿ ಕೇಳಿ. ಅವಳ ಪುಣ್ಯಕ್ಕೆ ಆ ದನಿಯ ಹಿಂದೆ ನಿಜವಾಗಿಯೂ ಯಾರೋ ಇದ್ದರು.

ಇನ್ನೊಂದು ಹೇಳೋದು ಮರೆತೆ. ಕಾಲಿರೋ ಯಂತ್ರವನ್ನು ಅಮೆರಿಕದವರು ನಿಜಕ್ಕೂ ಪ್ರಯತ್ನ ಮಾಡಿ ನೋಡಿದ್ದಾರೆ. ಬಾಸ್ಟನ್ ಡೈನಾಮಿಕ್ಸಿನ ನಾಲ್ಕು ಕಾಲಿನ ಹೇಸರಗತ್ತೆಯಂಥದ್ದು, ಸಾಮಾನು ಹೊರೋಕೆ. 2015ರಲ್ಲಿ ಸೈನ್ಯದವರು ಅದನ್ನು ಪಕ್ಕಕ್ಕಿಟ್ಟರು. ಕಾರಣ, ಎಂಜಿನ್ನಿನ ಸದ್ದು ಜಾಸ್ತಿ, ಬರೋದು ಅಷ್ಟು ದೂರಕ್ಕೇ ಶತ್ರುವಿಗೆ ಗೊತ್ತಾಗುತ್ತೆ. ಕಣ್ಣಿಗೆ ಕಾಣದ ಹಾಗೆ ಮರೆಯಾಗಿ, ಬಾಯಿ ಮಾತ್ರ ಮುಚ್ಚದ ನಮ್ಮ ತಾಚಿಕೋಮಾ ಆ ಪರೀಕ್ಷೆಯಲ್ಲಿ ಮೊದಲ ದಿನವೇ ಫೇಲು!

ಅಣ್ಣನ ಮಗ ಊರಿಗೆ ಹೋದ ಮೇಲೆ ಫೋನು ಮಾಡಿದಾಗೆಲ್ಲ ಆ ನೀಲಿ ಟ್ಯಾಂಕು ಆಮೇಲೆ ಏನಾಯ್ತು ಅಂತ ಕೇಳ್ತಾನೆ. ಮನೆಗೆ ವಾಪಸ್ ಹೋಯ್ತು ಅಂತ ಹೇಳಿದ್ದೀನಿ. ಹನ್ನೆರಡನೇ ಕಂತಿನ ಮಟ್ಟಿಗೆ ಅದು ಸುಳ್ಳಲ್ಲ. ಬೈದರಾ ಅಂತ ಕೇಳಿದ. ಸ್ವಲ್ಪ ಬೈದರು ಅಂದೆ.